ಮರೆತವರಿಗೆ ಹೇಳುವ ಸತ್ಯ

ಸುಳ್ಳು ಹೇಳಬಾರದು ಎಂಬ ಪಾಠವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಪುಣ್ಯಕೋಟಿಯ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹಸು ಮರಳಿ ಹೋಗುವಾಗ ತರಗತಿಯಲ್ಲಿ ಒಂದಿಬ್ಬರು ಮಕ್ಕಳಾದರೂ ಅಳುತ್ತಿದ್ದರು. ಅವರ ಜೊತೆ ನನ್ನ ಕಣ್ಣೂ ತೇವವಾಗುತ್ತಿತ್ತು. ಅಂಥ ನಾನು, ನನ್ನ ಮನೆಯ ಜಗಲಿಯ ಮೇಲೆ ಕೂತು, ದಿನಾ ಸಂಜೆ ಒಬ್ಬ ಮುದುಕಿಗೆ ಒಂದೇ ಸುಳ್ಳನ್ನು ಎರಡು ವರ್ಷ ಹೇಳಿದೆ. ಆ ಸುಳ್ಳು ಸರಿಯೋ ತಪ್ಪೋ ಎಂದು ಇವತ್ತಿಗೂ ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಆ ಬಗ್ಗೆ ಯೋಚಿಸುತ್ತ ನನಗೆ ತಿಳಿದದ್ದಷ್ಟನ್ನು ನಿಮ್ಮ ಮುಂದೆ ಇಡಬೇಕೆನಿಸಿದೆ. ಏಕೆಂದರೆ ಇಂಥ ಮುದುಕಿಯರು ಈಗ ಅನೇಕ ಮನೆಗಳಲ್ಲಿದ್ದಾರೆ, ಅವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ನಾವೇ, ಹೆಂಗಸರೇ.

ನಾನು ಕುಮಟೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು 1994ರಲ್ಲಿ, ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಒಂದು ಹಳ್ಳಿಗೆ. ಕೆಲಸ ಮಾಡಿದ್ದು ಮೊದಲು ಹೊಳೆಯಾಚೆಯ ಒಂದು ಶಾಲೆಯಲ್ಲಿ, ಆಮೇಲೆ ಬಹುಕಾಲ ಭಟ್ಕಳದ ಕಡೆ. ಮೂರೂ ಊರುಗಳನ್ನು ಬಸ್ಸಿನ ಕಿಟಕಿಯಲ್ಲಿ ನೋಡುತ್ತಲೇ ನನ್ನ ಆಯುಷ್ಯದ ಅರ್ಧ ಕಳೆದಿದೆ.

ಅತ್ತೆಗೆ ಮೂವರು ಮಕ್ಕಳು. ಹಿರಿಯವರು ನಮ್ಮವರು. ನಡುವೆ ಒಬ್ಬ ಮಗಳು, ಕೊನೆಯವನು ಅವರ ಮುದ್ದಿನ ಮಾಣಿ. ನಮ್ಮ ಕಡೆ ಹುಡುಗನಿಗೆ ಮಾಣಿ ಅನ್ನುತ್ತೇವೆ. ಅವನಿಗೆ ಇಪ್ಪತ್ತೊಂದಾದರೂ ಅವನು ಮಾಣಿಯೇ. 1997ರ ಜುಲೈ ತಿಂಗಳಲ್ಲಿ ನನಗೆ ಜ್ವರ ಬಂದಿತ್ತು. ಶಾಲೆಗೆ ರಜೆ ಅರ್ಜಿ ಕಳಿಸಬೇಕಿತ್ತು. ಮನೆಯಲ್ಲಿ ಫೋನಿರಲಿಲ್ಲ. "ಅತ್ತಿಗೆ, ಆನು ಕೊಟ್ಟಿಕ್ಕಿ ಬತ್ತಿ" ಎಂದು ಮೈದುನ ತಾನಾಗಿಯೇ ಹೊರಟ. ತಾರಿ ತಪ್ಪಿತು. ಯಾರದೋ ಪಾತಿದೋಣಿ ಹತ್ತಿದ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದೋಣಿಯಲ್ಲಿದ್ದ ಮೂವರಲ್ಲಿ ಇಬ್ಬರು ಈಜಿ ದಡ ಸೇರಿದರು. ಇವನು ಸೇರಲಿಲ್ಲ.

ಹದಿಮೂರು ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಒಂದು ಮಾತು ಹೇಳಿದರು: "ನೀ ಆ ಅರ್ಜಿ ಕೊಟ್ಟು ಕಳ್ಸದೇ ಇದ್ದಿದ್ರೆ ಮಾಣಿ ಹೋಗ್ತಿದ್ನಿಲ್ಲೆ." ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಆದರೆ ಆ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಅವರು ಮತ್ತೆ ಮತ್ತೆ ಹೇಳಿದರು. ಕೆಲವೊಮ್ಮೆ ಬಾಯಲ್ಲಿ, ಹೆಚ್ಚು ಸಲ ಮೌನದಲ್ಲಿ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದರು, ನನ್ನ ಮಗಳನ್ನು ಎತ್ತಿ ಆಡಿಸುತ್ತಿದ್ದರು, ಆದರೆ ನನ್ನ ಕಣ್ಣನ್ನು ನೋಡುತ್ತಿರಲಿಲ್ಲ. ನಾನೂ ಒಂದು ದಿನವೂ ವಾದಿಸಲಿಲ್ಲ. ವಾದಿಸಲು ನನ್ನಲ್ಲಿ ಏನಿತ್ತು? ಅವರು ಹೇಳುವುದು ಲೆಕ್ಕಕ್ಕೆ ನಿಜವೇ ಆಗಿತ್ತು. ಅರ್ಜಿ ಇಲ್ಲದಿದ್ದರೆ ಅವನು ಹೋಗುತ್ತಿರಲಿಲ್ಲ. ನಿಜ ಮತ್ತು ನ್ಯಾಯ ಎರಡೂ ಒಂದೇ ಅಲ್ಲ ಎಂದು ನನಗೆ ಮೊದಲು ಗೊತ್ತಾದದ್ದು ಆಗ.

2019ರ ಹೊತ್ತಿಗೆ ಅತ್ತೆಗೆ ಎಂಬತ್ತು ದಾಟಿತ್ತು. ಒಂದೆಲಗದ ತಂಬುಳಿಗೆ ಎರಡು ಸಲ ಉಪ್ಪು ಹಾಕಿದರು. ನಾವು ನಕ್ಕೆವು. ಒಂದೆಲಗ ತಿಂದರೆ ನೆನಪು ಹೆಚ್ಚುತ್ತದೆ ಎಂದು ನಮಗೆಲ್ಲ ತಿನ್ನಿಸಿದವರು ಅವರೇ ತಾನೆ! ಆಮೇಲೆ ದೇವರ ದೀಪ ಹಚ್ಚಿ ಐದು ನಿಮಿಷಕ್ಕೆ ಮತ್ತೆ ಬೆಂಕಿಪೊಟ್ಟಣ ಹುಡುಕತೊಡಗಿದರು. ಆಮೇಲೆ, ಬಚ್ಚಲಿಗೆ ಹೋದವರು ತಿರುಗಿ ಬರುವ ದಾರಿ ತಿಳಿಯದೆ ಅಲ್ಲೇ ನಿಂತರು. ಐವತ್ತೈದು ವರ್ಷ ಬದುಕಿದ ಮನೆಯ ಬಚ್ಚಲು ಅದು. ಆಗ ನಾವು ನಗಲಿಲ್ಲ.

ದಕ್ಷಿಣದ ದೊಡ್ಡ ಊರಿನ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋದೆವು. ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ. ಮಿದುಳಿನದೋ ಹೃದಯದ್ದೋ ಕಾಯಿಲೆಯೆಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವೆ ಎಂದು ಹೋಗುವವರೇ ನಾವು. ನಮಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದನಿಯೆತ್ತಿ ಕೇಳಿದ್ದು ನಿಮಗೂ ನೆನಪಿರಬಹುದು. ಅಲ್ಲಿ ಡಾಕ್ಟರು ಅತ್ತೆಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅತ್ತೆ ದುಂಡಗೆ ಒಂದು ಗೆರೆ ಎಳೆದು ಅಂಕೆಗಳನ್ನೆಲ್ಲ ಒಂದೇ ಬದಿಗೆ ರಾಶಿ ಹಾಕಿದರು. ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಒಂದೂ ನೆನಪಿರಲಿಲ್ಲ. ರಕ್ತ, ಸ್ಕ್ಯಾನು ಎಲ್ಲ ಮುಗಿದ ಮೇಲೆ ಆಲ್ಝೈಮರ್ ಕಾಯಿಲೆ ಎಂದರು.

ಆ ಡಾಕ್ಟರು ನಾನು ಟೀಚರೆಂದು ತಿಳಿದು ಸ್ವಲ್ಪ ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ನಾನೂ ಪುಸ್ತಕ ಹುಡುಕಿ ಓದಿದೆ. ಬಿ.ಎ. ಓದಿದವಳಿಗೆ ವಿಜ್ಞಾನ ಅಷ್ಟು ಸುಲಭವಲ್ಲ. ಆದರೂ ಅರ್ಥವಾದಷ್ಟು ಹೇಳುತ್ತೇನೆ.

ನಮ್ಮ ನರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಡಿಯಿದೆ. ನಮ್ಮೂರ ಹೊಳೆಯ ಹಾಗೆ, ಈ ದಡದಿಂದ ಆ ದಡಕ್ಕೆ ಸುದ್ದಿ ಮುಟ್ಟಿಸಲು ಒಂದು ತಾರಿ ಬೇಕು. ಅಂಥ ತಾರಿಗಳಲ್ಲಿ ಒಂದರ ಹೆಸರು ಅಸಿಟೈಲ್‌ಕೋಲಿನ್. ಮೊದಲು ಕಂಡುಹಿಡಿದ ತಾರಿಯೇ ಅದು. ಆಟೋ ಲೋವಿ ಎಂಬ ವಿಜ್ಞಾನಿ ಅದನ್ನು ತೋರಿಸಿಕೊಟ್ಟ ಪ್ರಯೋಗ ಪ್ರಕಟವಾದದ್ದು 1921ರಲ್ಲಿ. ಅದರ ಕತೆ ಸ್ವಾರಸ್ಯವಾಗಿದೆ. ರಾತ್ರಿ ಕನಸಿನಲ್ಲಿ ಪ್ರಯೋಗದ ಉಪಾಯ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದ. ಬೆಳಿಗ್ಗೆ ನೋಡಿದರೆ ಅಕ್ಷರ ಓದಲು ಬರುವುದಿಲ್ಲ, ಕನಸೂ ಮರೆತುಹೋಗಿದೆ. ಅದೃಷ್ಟಕ್ಕೆ ಮರುರಾತ್ರಿ ಅದೇ ಹೊಳಹು ಮತ್ತೆ ಬಂತು. ಈ ಸಲ ನಿದ್ದೆಯನ್ನು ನಂಬದೆ ಎದ್ದು ನೇರ ಪ್ರಯೋಗಶಾಲೆಗೆ ಹೋದ. ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ ಅದರ ಬಡಿತ ನಿಧಾನವಾಗುವಂತೆ ಮಾಡಿ, ಆ ಹೃದಯವಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ನರವನ್ನು ಮುಟ್ಟದಿದ್ದರೂ ಎರಡನೆಯದರ ಬಡಿತವೂ ನಿಧಾನವಾಯಿತು. ಸುದ್ದಿಯನ್ನು ಒಯ್ದದ್ದು ಒಂದು ರಸ ಎಂದು ಸಿದ್ಧವಾಯಿತು. 1936ರಲ್ಲಿ ಅವನಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಹುಮಾನ ಬಂತು. ನೆನಪಿಗೆ ಬೇಕಾದ ರಸವನ್ನು ಕಂಡುಹಿಡಿದದ್ದೂ ಮರೆವಿನ ಕೈ ತಪ್ಪಿಸಿಕೊಂಡು ಎಂಬುದು ನನಗೆ ವಿಚಿತ್ರವಾಗಿ ಕಂಡಿತು.

ಈ ರಸ ಮಾಡುವ ಕೆಲಸ ಒಂದೆರಡಲ್ಲ. ಬಾಯಲ್ಲಿ ನೀರೂರಿಸುವುದು, ಹೃದಯವನ್ನು ನಿಧಾನಿಸುವುದು, ಕೈ ಎತ್ತಲು ಸ್ನಾಯುವಿಗೆ ಅಪ್ಪಣೆ ಕೊಡುವುದು ಎಲ್ಲವೂ ಇದರ ಪಾಲು. ನಾಗರಹಾವು ಕಚ್ಚಿದವರ ರೆಪ್ಪೆ ಜೋತುಬೀಳುವುದು, ಉಸಿರು ನಿಲ್ಲುವುದು ಹಾವಿನ ವಿಷ ಇದೇ ರಸದ ದಾರಿಯನ್ನು ಸ್ನಾಯುವಿನ ಬಾಗಿಲಲ್ಲಿ ಕಟ್ಟುವುದರಿಂದ. ಮಿದುಳಿನ ಬುಡದಲ್ಲಿ ಈ ರಸವನ್ನು ತಯಾರಿಸುವ ಒಂದು ಸಣ್ಣ ಕೋಶಗಳ ಗುಂಪಿದೆ. ಅಲ್ಲಿಂದ ಮಿದುಳಿನ ಹೊರಪದರಕ್ಕೆಲ್ಲ ಎಳೆಗಳು ಹೋಗುತ್ತವೆ. ಗಮನವಿಡುವುದು, ಹೊಸದನ್ನು ನೆನಪಿಗೆ ಹಚ್ಚುವುದು ಇದರ ನೆರವಿನಿಂದ. ಆಲ್ಝೈಮರ್ ಆದವರ ಮಿದುಳಿನಲ್ಲಿ ಈ ರಸ ತಯಾರಿಸುವ ಕಿಣ್ವ ಬಹಳ ಕಡಿಮೆಯಾಗಿರುತ್ತದೆ ಎಂದು 1976ರ ಸುಮಾರಿಗೆ ಬ್ರಿಟನ್ನಿನ ವಿಜ್ಞಾನಿಗಳು ಕಂಡುಕೊಂಡರು. 1982ರಲ್ಲಿ ಅಮೆರಿಕದವರು, ಆ ಬುಡದ ಕೋಶಗಳೇ ಹೆಚ್ಚಿನವು ಸತ್ತಿರುತ್ತವೆ ಎಂದು ತೋರಿಸಿದರು. ಕಾಯಿಲೆಯೆಂದರೆ ಇದೊಂದೇ ಅಲ್ಲ, ಮಿದುಳಿನಲ್ಲಿ ಕೆಟ್ಟ ಪ್ರೋಟೀನುಗಳು ಕಟ್ಟಿಕೊಂಡು ಬೇರೆ ಕೋಶಗಳೂ ಸಾಯುತ್ತವೆ. ಆದರೆ ತಾರಿ ನಿಂತ ದಡದ ಹಾಗೆ ಮನಸ್ಸು ಒಂಟಿಯಾಗುವುದರಲ್ಲಿ ಈ ರಸದ ಕೊರತೆಯದು ದೊಡ್ಡ ಪಾಲು.

ಕೆಲವು ವರ್ಷಗಳ ಹಿಂದೆ ಶಾಲೆಯ ಪ್ರವಾಸದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ಅಲ್ಲಿನ ಮಿದುಳು ಸಂಗ್ರಹಾಲಯವನ್ನು ನೋಡಿದ್ದೆವು. ಸಂಶೋಧನೆಗಾಗಿ ಮಿದುಳುಗಳನ್ನು ಕಾದಿಡುವ ಬ್ಯಾಂಕ್ 1995ರಿಂದ ಅಲ್ಲಿದೆ. ಗ್ಲೌಸು ಹಾಕಿಕೊಂಡ ನನ್ನ ಅಂಗೈಯಲ್ಲಿ ಒಂದು ಮಿದುಳನ್ನು ಇಟ್ಟರು. ಒಂದು ಸಾಧಾರಣ ತೆಂಗಿನಕಾಯಿಯಷ್ಟೂ ಭಾರವೆನಿಸಲಿಲ್ಲ. ಯಾರದೋ ಪ್ರೀತಿ, ಯಾರದೋ ಹಟ, ಯಾರದೋ ಕ್ಷಮಿಸದ ಸಿಟ್ಟು ಎಲ್ಲ ಇದರಲ್ಲೇ ಇತ್ತೇ ಎಂದು ಆಗ ಯೋಚಿಸಿದ್ದೆ. ಅತ್ತೆಯ ಕಾಯಿಲೆ ಬಂದಾಗ ಆ ಅಂಗೈಯ ನೆನಪಾಯಿತು.

ಒಂದು ಮಳೆಗಾಲದಲ್ಲಿ ಅತ್ತೆಗೆ ಶೀತವಾಯಿತು. ಮೂಗು ಸೋರುತ್ತಿತ್ತು. ಅಂಗಡಿಯಿಂದ ಶೀತದ ಮಾತ್ರೆ ತರಿಸಿ ನಾನೇ ಎರಡು ದಿನ ಕೊಟ್ಟೆ. ಎರಡನೆಯ ರಾತ್ರಿ ಅತ್ತೆ ಎದ್ದು ಕೂತು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದರು. ಬಾಯಿ ಒಣಗಿತ್ತು. ನಮ್ಮವರನ್ನು ಕಂಡು "ಕಳ್ಳ ಬಂಜ" ಎಂದು ಕಿರುಚಿದರು. ಡಾಕ್ಟರಿಗೆ ಫೋನು ಮಾಡಿದರೆ ಮೊದಲು ಕೇಳಿದ್ದು, ಏನೇನು ಮಾತ್ರೆ ಕೊಟ್ಟಿದ್ದೀರಿ ಎಂದು. ಹಳೆಯ ಬಗೆಯ ಶೀತ-ಅಲರ್ಜಿ ಮಾತ್ರೆಗಳು, ಮೂತ್ರ ತಡೆಯುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಹಳೆಯ ಮಾತ್ರೆಗಳು ಅದೇ ರಸದ ಬಾಗಿಲನ್ನು ಮುಚ್ಚುತ್ತವಂತೆ. ಪ್ರಾಯದವರಿಗೆ ಬಾಯಿ ಒಣಗಿ, ನಿದ್ದೆ ಬಂದು ಮುಗಿಯುತ್ತದೆ. ಮೊದಲೇ ರಸ ಕಡಿಮೆಯಿರುವ ಮುದುಕರಿಗೆ ಬುದ್ಧಿಯೇ ಕದಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಎರಡು ದಿನದಲ್ಲಿ ಅತ್ತೆ ಮೊದಲಿನಂತಾದರು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಮ್ಮೆ ಡಾಕ್ಟರಿಗೆ ತೋರಿಸಿ. ನಾವಾಗಿ ಸೇರಿಸುವುದೂ ಬೇಡ, ನಾವಾಗಿ ನಿಲ್ಲಿಸುವುದೂ ಬೇಡ. ಈ ಎರಡನೆಯ ಮಾತನ್ನು ಹೇಳುವ ಯೋಗ್ಯತೆ ನನಗಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಅತ್ತೆ ಇರುವೆ ಹೆಕ್ಕುವುದನ್ನು ಕಂಡಾಗ ನನಗೆ ನೆನಪಾದದ್ದು ಉಮ್ಮತ್ತ. ನಾನು ಚಿಕ್ಕವಳಿದ್ದಾಗ ಕುಮಟೆಯ ನಮ್ಮ ಕೇರಿಯಲ್ಲಿ ಒಬ್ಬ ಹುಡುಗ ಉಮ್ಮತ್ತದ ಬೀಜ ತಿಂದು ಹೀಗೆಯೇ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ಕಣ್ಣಪಾಪೆ ಅಗಲಿಸಿಕೊಂಡು ಬಡಬಡಿಸಿದ್ದ. ಉಮ್ಮತ್ತದಲ್ಲಿರುವ ಅಟ್ರೊಪಿನ್ ಮುಂತಾದ ವಿಷಗಳು ಮುಚ್ಚುವುದೂ ಅದೇ ಬಾಗಿಲನ್ನು. ಉನ್ಮತ್ತ ಎಂಬ ಶಬ್ದವೇ ಉಮ್ಮತ್ತವಾಯಿತಲ್ಲ, ರಸದ ಹೆಸರು ಗೊತ್ತಿಲ್ಲದಿದ್ದರೂ ನಮ್ಮ ಹಿರಿಯರಿಗೆ ಗಿಡದ ಗುಣ ಗೊತ್ತಿತ್ತು. ವಿಚಿತ್ರವೆಂದರೆ, ಕೆಲವು ಕೀಟನಾಶಕಗಳನ್ನು ಕುಡಿದವರಲ್ಲಿ ಈ ರಸ ಅತಿಯಾಗಿ ಉಕ್ಕಿ ಜೀವಕ್ಕೆ ಅಪಾಯವಾಗುತ್ತದೆ. ಆಗ ಜೀವ ಉಳಿಸುವುದು ಅದೇ ಅಟ್ರೊಪಿನ್. ಯಾವುದು ವಿಷ, ಯಾವುದು ಮದ್ದು ಎನ್ನುವುದು ಎಷ್ಟು, ಯಾರಿಗೆ, ಯಾವಾಗ ಎಂಬುದರ ಮೇಲಿದೆ. ಸತ್ಯವೂ ಹಾಗೆಯೇ ಇರಬಹುದೇ ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ಆ ದಿನಗಳಲ್ಲಿ.

ಏಕೆಂದರೆ ಅಷ್ಟರಲ್ಲಿ ಸುಳ್ಳು ಶುರುವಾಗಿತ್ತು. ಕಾಯಿಲೆ ಬಂದ ಮೇಲೆ ಅತ್ತೆ ಮಾಣಿಯ ಸಾವನ್ನು ಮರೆತರು. ಸಂಜೆಯಾದರೆ ಜಗಲಿಗೆ ಬಂದು ಹೊಳೆಯ ಕಡೆ ನೋಡುತ್ತ, "ಮಾಣಿ ಇನ್ನೂ ಬಂದ್ನಿಲ್ಯನೆ?" ಎಂದು ಕೇಳುವರು. ಮೊದಲ ದಿನ ನಾನು ಸತ್ಯ ಹೇಳಿದೆ. ಮಾಣಿ ಇಲ್ಲ ಅತ್ತೆ, ಹೋಗಿ ಇಪ್ಪತ್ತು ವರ್ಷದ ಮೇಲಾಯಿತು ಎಂದೆ. ಅವರು ಆಗಷ್ಟೇ ಸುದ್ದಿ ಕೇಳಿದ ತಾಯಿಯ ಹಾಗೆ ಎದೆ ಬಡಿದುಕೊಂಡು ಅತ್ತರು. ಮರುದಿನ ಸಂಜೆ ಎಲ್ಲ ಮರೆತು ಅದೇ ಪ್ರಶ್ನೆ. ಮತ್ತೆ ಹೇಳಿದೆ, ಮತ್ತೆ ಅದೇ ಅಳು. ಒಬ್ಬ ಮಗ ಒಬ್ಬ ತಾಯಿಗೆ ದಿನಕ್ಕೊಮ್ಮೆ ಸಾಯುವುದೆಂದರೆ ಏನು? ಮೂರನೆಯ ದಿನ ನಾನು, "ಕುಮಟೆಗೆ ಹೋಯ್ದ ಅತ್ತೆ, ಬತ್ತ" ಎಂದೆ. "ಮಳೆ ಬತ್ತು, ಕೊಡೆ ತಗಂಡು ಹೋಯ್ದ್ನ?" ಎಂದರು. "ತಗಂಡು ಹೋಯ್ದ" ಎಂದೆ. ಅವರು ಸಮಾಧಾನದಿಂದ ಒಳಗೆ ಬಂದು ಉಂಡರು.

ಇದು ದಯೆಯ ಸುಳ್ಳು, ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಇನ್ನೊಂದು ಸಂಗತಿಯಿತ್ತು. ಮಾಣಿಯ ಸಾವನ್ನು ಮರೆತ ಅತ್ತೆ ನನ್ನ ತಪ್ಪನ್ನೂ ಮರೆತಿದ್ದರು. ಇಪ್ಪತ್ತು ವರ್ಷ ನನ್ನ ಕಣ್ಣು ನೋಡದವರು ಈಗ ನನ್ನ ಕೈ ಹಿಡಿದು ಕೂಡಿಸಿಕೊಳ್ಳುತ್ತಿದ್ದರು. "ಉಂಡ್ಯನೆ ತಂಗಿ?" ಎಂದು ಕೇಳುತ್ತಿದ್ದರು. ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಬಯಸಿದ್ದ ಅತ್ತೆ ಅವರ ಮರೆವಿನಲ್ಲಿ ನನಗೆ ಸಿಕ್ಕಿದ್ದರು.

ಆಮೇಲೆ ಮಾತ್ರೆ ಬಂತು. ಮೊದಲ ಭೇಟಿಯಲ್ಲಿ ನಾಡಿ ನಿಧಾನವಿದೆಯೆಂದು ಡಾಕ್ಟರು ಅದನ್ನು ಕೊಟ್ಟಿರಲಿಲ್ಲ. ಎದೆಯ ಪರೀಕ್ಷೆಯೆಲ್ಲ ಸರಿಯಾಗಿದೆ ಎಂದಾದ ಮೇಲೆ ಡೊನೆಪೆಜಿಲ್ ಎಂಬ ಮಾತ್ರೆ ಬರೆದರು. ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಇರುವ ರಸವನ್ನು ಒಡೆದುಹಾಕುವ ಕಿಣ್ವವನ್ನು ತಡೆದು, ಅಳಿದುಳಿದ ರಸ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ಕೆಲವರಿಗೆ ಕೆಲವು ಕಾಲ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಇದನ್ನು ರೂಪಿಸಿದ ಜಪಾನಿನ ವಿಜ್ಞಾನಿ ಹಚಿರೊ ಸುಗಿಮೊಟೊ ಅವರ ತಾಯಿಗೇ ಅರುಳುಮರುಳಿನ ಕಾಯಿಲೆಯಿತ್ತು, ಆಕೆ ಮಗನನ್ನೇ ಗುರುತಿಸದಾಗಿದ್ದಳು ಎಂದು ಓದಿದೆ. ಒಬ್ಬ ಮಗ ತಾಯಿಯ ನೆನಪಿಗಾಗಿ ಮಾಡಿದ ಮದ್ದು. ನಾನು ಮಾಡಿದ್ದು ನೋಡಿ.

ಎರಡು ತಿಂಗಳಾಗುವಾಗ ಅತ್ತೆ ತುಸು ಚುರುಕಾದರು. ದೀಪ ಹಚ್ಚಿದ್ದು ನೆನಪಿರತೊಡಗಿತು. ಅಡಕೆ ಆರಿಸುವಾಗ ಚಾಲಿಯನ್ನೂ ಕೋಕವನ್ನೂ ಬೇರೆ ಮಾಡಿದರು. ನಮ್ಮವರ ಮುಖ ಅರಳಿತು. ಒಂದು ಸಂಜೆ ಜಗಲಿಯಲ್ಲಿ ಕೂತವರು ಮಾಣಿಯನ್ನು ಕೇಳಲಿಲ್ಲ. ಹೊಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಪ್ಪತ್ತು ವರ್ಷದ ಹಿಂದಿನ ಅದೇ ದನಿಯಲ್ಲಿ, "ನೀ ಕಳ್ಸಿದ್ದೆ" ಎಂದರು.

ಮರುದಿನ ಬೆಳಿಗ್ಗೆ ನಾನು ಮಾತ್ರೆ ಕೊಡಲಿಲ್ಲ. ಸ್ವಲ್ಪ ವಾಕರಿಕೆ ಇದೆ, ಇವತ್ತೊಂದು ದಿನ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ವಾಕರಿಕೆ ಇದ್ದದ್ದು ಹೌದು. ಆ ಮಾತ್ರೆಗೆ ಅದು ಆಗುತ್ತದೆ ಎಂದು ಡಾಕ್ಟರೂ ಹೇಳಿದ್ದರು. ಆದರೆ ನಾನು ನಿಲ್ಲಿಸಿದ್ದು ಅದಕ್ಕಲ್ಲ. ಹನ್ನೊಂದು ದಿನ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಹಿತ್ತಲ ಬಾಳೆಯ ಬುಡಕ್ಕೆ ಎಸೆದೆ. ಯಾರಾದರೂ ಎಣಿಸಿದರೆ ಲೆಕ್ಕ ಸರಿಯಿರಲಿ ಎಂದು! ಕಳ್ಳತನಕ್ಕೆ ಬುದ್ಧಿ ಎಷ್ಟು ಬೇಗ ಓಡುತ್ತದೆ ನೋಡಿ. ಹನ್ನೆರಡನೆಯ ದಿನ ನಮ್ಮವರು, "ಆಯಿ ಮತ್ತೆ ಮಂಕಾದಂಗೆ ಕಾಣ್ತು" ಎಂದರು. ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮಾತು ಕೇಳಿದರು: "ಆಯಿ ನೆನಪಲ್ಲಿ ಬಿಟ್ರೆ ಅವ ಬೇರೆ ಎಲ್ಲಿದ್ದ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಎಷ್ಟೋ ಸಲ ಹೇಳಿದ ಶಕುಂತಲೆಯ ಕತೆ ನೆನಪಾಯಿತು. ಕಾಳಿದಾಸನ ನಾಟಕದಲ್ಲಿ ದುಷ್ಯಂತ ಶಕುಂತಲೆಯನ್ನು ಮರೆಯುವುದು ದೂರ್ವಾಸರ ಶಾಪದಿಂದ. ಆದ್ದರಿಂದ ಅವನ ಮೇಲೆ ನಮಗೆ ಸಿಟ್ಟು ನಿಲ್ಲುವುದಿಲ್ಲ. ಮರೆತವನ ತಪ್ಪೇನು ಎನ್ನುತ್ತೇವೆ. ಆದರೆ ಮಹಾಭಾರತದ ಮೂಲ ಕತೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ, ಲೋಕ ಏನೆಂದೀತೋ ಎಂದು ನೆನಪಿಲ್ಲದವನಂತೆ ನಟಿಸುತ್ತಾನೆ. ಕಾಳಿದಾಸ ಅವನಿಗೆ ಮರೆವನ್ನು ಕೊಟ್ಟು ಪಾರು ಮಾಡಿದ. ನಮ್ಮ ಮನೆಯಲ್ಲಿ ಮರೆವು ಬಂದದ್ದು ಅತ್ತೆಗೆ, ಪಾರಾಗಲು ಹೊರಟವಳು ನಾನು. ನೆನಪಿದ್ದೂ ಇಲ್ಲದಂತೆ ನಟಿಸಿದ ಮೂಲ ಕತೆಯ ದುಷ್ಯಂತ ಯಾರೆಂದರೆ, ನಾನೇ.

ಹಾಗಾದರೆ ಜಗಲಿಯ ಸುಳ್ಳೂ ಪಾಪವೇ? ಮೊದಲು ಹಾಗೆನ್ನಿಸಿತು. ಆಮೇಲೆ ಎರಡನ್ನೂ ಬೇರೆ ಬೇರೆ ತೂಗಿ ನೋಡಿದೆ. ಮಾಣಿ ಕುಮಟೆಗೆ ಹೋಗಿದ್ದಾನೆ ಎಂದಾಗ ಅತ್ತೆಯ ಒಂದು ರಾತ್ರಿಯ ಊಟ, ನಿದ್ದೆ ಉಳಿಯುತ್ತಿತ್ತು. ಆ ಸುಳ್ಳನ್ನು ನಮ್ಮವರ ಎದುರಿಗೂ ಹೇಳುತ್ತಿದ್ದೆ, ನಾದಿನಿ ಬಂದರೆ ಅವಳೂ ಹೇಳುತ್ತಿದ್ದಳು. ಮಾತ್ರೆಯದು ಹಾಗಲ್ಲ. ಅದನ್ನು ಯಾರಿಗೂ ಕಾಣದಂತೆ ಬಾಳೆಯ ಬುಡಕ್ಕೆ ಎಸೆಯಬೇಕಾಯಿತು. ಮರೆತವರ ಎದುರು ನಾವು ಹೇಳುವ ಸುಳ್ಳನ್ನು ನೆನಪಿರುವವರ ಎದುರಿಗೆ ಹೇಳಲು ಸಾಧ್ಯವೇ ಎಂಬುದೊಂದು ಪರೀಕ್ಷೆ. ಅದರಿಂದ ಲಾಭ ಯಾರಿಗೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಜಗಲಿಯ ಸುಳ್ಳೂ ಪೂರ್ತಿ ಪಾಸಾಗುವುದಿಲ್ಲ. ಅತ್ತೆಯ ನಿದ್ದೆಯ ಜೊತೆ ನನ್ನ ನೆಮ್ಮದಿಯೂ ಅದರಲ್ಲಿ ಬೆರೆತಿತ್ತು.

ಡಾಕ್ಟರಿಗೂ ಹೇಳಿದೆ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಮತ್ತೆ ಕಡಿಮೆ ಪ್ರಮಾಣದಿಂದ ಶುರುಮಾಡಿಸಿದರು. ಅಲ್ಲಿದ್ದ ನರ್ಸಮ್ಮ ಒಂದು ಉಪಾಯ ಹೇಳಿಕೊಟ್ಟರು. ಮಗ ಎಲ್ಲಿ ಎಂದು ಕೇಳಿದರೆ, ಸತ್ತ ಎಂದೂ ಹೇಳಬೇಡಿ, ಬರುತ್ತಾನೆ ಎಂದೂ ಹೇಳಬೇಡಿ, ಮಗನ ಬಗ್ಗೆ ಅವರನ್ನೇ ಕೇಳಿ ಎಂದರು. ಆ ಸಂಜೆಯಿಂದ, "ಮಾಣಿ ಎಲ್ಲಿ?" ಎಂದರೆ, "ಮಾಣಿ ಸಣ್ಣಕಿದ್ದಾಗ ಎಂತ ಮಾಡ್ತಿದ್ದ, ಹೇಳಿ ಅತ್ತೆ" ಎನ್ನತೊಡಗಿದೆ. ಅವರು ಹೇಳುತ್ತಿದ್ದರು. ಇಡಗುಂಜಿ ತೇರಿನಲ್ಲಿ ಕಳೆದುಹೋದದ್ದು, ಗುಣವಂತೆಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ಶಾಲೆಯಲ್ಲಿ ನಿದ್ದೆ ಹೋದದ್ದು, ಅಕ್ಕಿ ಡಬ್ಬದಲ್ಲಿ ಮಾವಿನಹಣ್ಣು ಬಚ್ಚಿಟ್ಟು ಮರೆತದ್ದು. ನಾನು ಆ ಮನೆಗೆ ಬಂದು ಮೂರೇ ವರ್ಷಕ್ಕೆ ಹೋದವನು ಅವನು. ನನಗೆ ಅವನ ಸಾವು ಗೊತ್ತಿತ್ತು, ಬದುಕು ಗೊತ್ತಿರಲಿಲ್ಲ. ಅದು ನನಗೆ ತಿಳಿದದ್ದು ಆ ಸಂಜೆಗಳಲ್ಲಿ. ಇಪ್ಪತ್ತು ವರ್ಷ ನಾವಿಬ್ಬರೂ ಅವನ ಹೆಸರೆತ್ತದೆ ಬದುಕಿದ್ದೆವಲ್ಲ, ಅದೂ ಒಂದು ದೊಡ್ಡ ಸುಳ್ಳೇ ಆಗಿತ್ತು.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು, ನಮ್ಮಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇಂಥ ಮರೆವಿನ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಈ 88 ಲಕ್ಷ ಮನೆಗಳ ಜಗಲಿಗಳಲ್ಲಿ ಪ್ರತಿ ಸಂಜೆ ಯಾರೋ ಯಾರಿಗೋ ಏನೋ ಒಂದು ಉತ್ತರ ಹೇಳುತ್ತಿರುತ್ತಾರೆ. ಅವರಿಗೆ ನಾನು ನೀತಿಪಾಠ ಹೇಳಲಾರೆ. ಉತ್ತರ ಕೊಡುವಾಗ ನಮ್ಮ ಪಾಲಿನ ಲಾಭವನ್ನೂ ಒಮ್ಮೆ ಎಣಿಸಿಕೊಳ್ಳೋಣ ಎಂದಷ್ಟೇ ಹೇಳಬಲ್ಲೆ.

ಕಾಯಿಲೆ ತನ್ನ ದಾರಿ ಹಿಡಿದು ಹೋಯಿತು. ಮಾತ್ರೆಯ ಗುಣವೂ ಕ್ರಮೇಣ ಇಳಿಯಿತು. ಅತ್ತೆಗೆ ನನ್ನ ಗುರುತು ಪೂರ್ತಿ ಹೋಯಿತು. ತೀರಿಕೊಳ್ಳುವ ಕೆಲವು ತಿಂಗಳ ಹಿಂದೆ, ಒಂದು ಮಧ್ಯಾಹ್ನ ಅವರಿಗೆ ಗಂಜಿ ಕುಡಿಸುತ್ತಿದ್ದೆ. "ನೀ ಯಾರ ಮನೆ ತಂಗಿ?" ಎಂದರು. ಕುಮಟೆಯವಳು, ಟೀಚರು ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ನಮ್ಮನೆಲೂ ಒಂದು ಸೊಸೆ ಇದ್ದು. ಅದೂ ಟೀಚರು," ಎಂದರು. ಮತ್ತೆ ಸುಮ್ಮನಾದರು. ಗಂಜಿ ಬೇಡವೆಂದು ಕೈ ಅಡ್ಡ ಹಿಡಿದರು. "ಅದಕ್ಕೆ ಆನು ಒಂದು ಮಾತು ಹೇಳಿದ್ದಿ. ಹೇಳಲಾಗಿತ್ತಿಲ್ಲೆ. ನೀ ಕಂಡ್ರೆ ಹೇಳು."

ಇದನ್ನು ಏನೆಂದು ತಿಳಿಯಬೇಕು? ಯಾವ ಮಾತು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬೇರೆ ಯಾವುದೋ ಮಾತಿದ್ದರೂ ಇರಬಹುದು. ನನ್ನನ್ನೇ ಗುರುತಿಸದವರು ನನಗೆ ಹೇಳಿ ಕಳಿಸಿದ ಮಾತನ್ನು ನಾನು ನನ್ನದೆಂದು ಇಟ್ಟುಕೊಳ್ಳಬಹುದೇ? ರಸ ಬತ್ತಿದ ಮಿದುಳಿನ ಬಡಬಡಿಕೆ ಎನ್ನುವುದಾದರೆ, ಇಪ್ಪತ್ತು ವರ್ಷದ ಅವರ ಸಿಟ್ಟನ್ನು ಮಾತ್ರ ಏಕೆ ಅವರದೇ ಎಂದು ನಂಬಿದೆ? ಎರಡೂ ಅವರದೇ ಇರಬೇಕು, ಇಲ್ಲವೇ ಎರಡೂ ಅಲ್ಲ.

ಅವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಅವತ್ತು ನಾನು ವಾದ ಮಾಡಲಿಲ್ಲ, ಆನೇ ನಿಮ್ಮ ಸೊಸೆ ಎಂದು ಹೇಳಿ ಅವರನ್ನು ಗೊಂದಲಕ್ಕೆ ಹಾಕಲಿಲ್ಲ. ಸೆರಗಿನಿಂದ ಅವರ ಬಾಯಿ ಒರೆಸಿ, "ಹೇಳ್ತಿ" ಎಂದೆ. ಅವರಿಗೆ ನಾನು ಹೇಳಿದ ಮಾತುಗಳಲ್ಲಿ ಅದೊಂದು ಮಾತ್ರ ಯಾವ ಕಡೆಯಿಂದ ನೋಡಿದರೂ ಸುಳ್ಳಾಗಿರಲಿಲ್ಲ.